ರೇಡಿಯೇಟರ್ ತಣ್ಣಗಿದ್ದರೆ ಎಲ್ಲಿಂದ ಹುಡುಕಬೇಕು?

ಬ್ರಿಟನ್ನಿನ ಮನೆಗಳಲ್ಲಿ ಅಕ್ಟೋಬರ್ ಬಂತೆಂದರೆ ಹೀಟಿಂಗ್ ಶುರು. ಬೇಸಿಗೆಯಿಡೀ ಸುಮ್ನೆ ಬಿದ್ದಿದ್ದ ಪೈಪುಗಳಲ್ಲಿ ಬಿಸಿನೀರು ಮತ್ತೆ ಓಡುತ್ತದೆ. ಹಾಲ್ ಬೆಚ್ಚಗಾಗುತ್ತದೆ, ಅಡುಗೆಮನೆ ಬೆಚ್ಚಗಾಗುತ್ತದೆ, ಮಕ್ಕಳ ಕೋಣೆಯ ರೇಡಿಯೇಟರ್ ಮಾತ್ರ ತಣ್ಣಗೇ ಇರುತ್ತದೆ. ಊರಲ್ಲಿ ಹಂಡೆ ಒಲೆ, ಗೀಸರ್, ಸೋಲಾರ್ ನೋಡಿ ಬಂದ ನಮ್ಮವರಿಗೆ ಗೋಡೆಗೆ ನೇತುಹಾಕಿದ ಈ ಉಕ್ಕಿನ ಹಲಗೆಯ ಸಹವಾಸ ಹೊಸದು. ಹಾಗಾಗಿ ಹೆಚ್ಚಿನವರು ಯಾರೋ ಹೇಳಿದರೆಂದು ಗಾಳಿ ಬಿಡುವ ಕೀಲಿ ತಂದು ಸಿಕ್ಕಿದ ರೇಡಿಯೇಟರನ್ನೆಲ್ಲ ತಿರುಗಿಸುತ್ತಾರೆ. ಗಾಳಿಯೇ ಕಾರಣವಾಗಿದ್ದರೆ ಸರಿಹೋಗುತ್ತದೆ. ಅಲ್ಲದಿದ್ದರೆ ನೀರಿನ ಒತ್ತಡ ಇಳಿದು ಬಾಯ್ಲರ್ ನಿಂತುಬಿಡುತ್ತದೆ. ಆಗ ಒಂದು ಕೋಣೆಯ ಚಳಿ ಇಡೀ ಮನೆಯದಾಗುತ್ತದೆ.

ಕೀಲಿ ಆಮೇಲೆ. ಮೊದಲು ಕೈಯಿಂದ ಮುಟ್ಟಿ ನೋಡಿ. ರೇಡಿಯೇಟರಿನ ಯಾವ ಭಾಗ ತಣ್ಣಗಿದೆ, ಕೆಳಗಿನ ಎರಡು ಪೈಪುಗಳಲ್ಲಿ ಯಾವುದು ಬಿಸಿಯಿದೆ, ಉಳಿದ ಕೋಣೆಗಳಲ್ಲಿ ಹೇಗಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಇಲ್ಲಿ ಹೇಳುತ್ತಿರುವುದು ಬ್ರಿಟನ್ನಿನ ಸಾಮಾನ್ಯ ಮನೆಗಳ ಬಗ್ಗೆ: ಗ್ಯಾಸ್ ಬಾಯ್ಲರ್, ಪಂಪು, ಕೋಣೆಗೊಂದು ರೇಡಿಯೇಟರ್. ಬಾಯ್ಲರಿನಲ್ಲಿ ಕಾದ ನೀರು ಒಂದು ಪೈಪಿನಲ್ಲಿ ಹೋಗಿ, ಪ್ರತಿ ರೇಡಿಯೇಟರನ್ನೂ ಹಾದು, ಇನ್ನೊಂದು ಪೈಪಿನಲ್ಲಿ ವಾಪಸ್ ಬರುತ್ತದೆ. ಇದು ನಲ್ಲಿಯಲ್ಲಿ ಬರುವ ನೀರಲ್ಲ. ಒಳಗೇ ಸುತ್ತುತ್ತಿರುವ ಅದೇ ಹಳೆಯ ನೀರು.

ಮುಟ್ಟಿ ನೋಡುವ ಕ್ರಮ

ಹೀಟಿಂಗ್ ಹಾಕಿ, ಕೋಣೆಯ ಥರ್ಮೋಸ್ಟಾಟನ್ನು 25 ಡಿಗ್ರಿಗೆ ಏರಿಸಿ, ಅರ್ಧ ಗಂಟೆ ಬಿಡಿ. ಥರ್ಮೋಸ್ಟಾಟ್ ಏರಿಸದೆ ನೋಡಿದರೆ ಪ್ರಯೋಜನವಿಲ್ಲ. ಮನೆ ಸಾಕಷ್ಟು ಬೆಚ್ಚಗಾಯಿತೆಂದು ಬಾಯ್ಲರ್ ತಾನೇ ನಿಂತಿರಬಹುದು. ಆಮೇಲೆ ಒಂದೊಂದೇ ಕೋಣೆಗೆ ಹೋಗಿ. ಪೈಪು 70 ಡಿಗ್ರಿಯಷ್ಟು ಬಿಸಿ ಇರಬಹುದು, ಹಾಗಾಗಿ ಬಿಗಿಯಾಗಿ ಹಿಡಿಯಬೇಡಿ, ಬೆರಳಿನ ಹಿಂಭಾಗ ತಾಗಿಸಿ ನೋಡಿದರೆ ಸಾಕು.

ಮೇಲೆ ತಣ್ಣಗೆ, ಕೆಳಗೆ ಬಿಸಿ ಇದ್ದರೆ ಒಳಗೆ ಗಾಳಿ ಸೇರಿದೆ. ಅಂಚುಗಳೂ ಮೇಲ್ಭಾಗವೂ ಬಿಸಿಯಿದ್ದು, ಕೆಳಗಡೆ ನಡುವೆ ಮಾತ್ರ ತಣ್ಣಗಿದ್ದರೆ ಕೆಸರು ಕೂತಿದೆ. ಇಡೀ ರೇಡಿಯೇಟರ್ ತಣ್ಣಗಿದ್ದು, ಒಂದು ಪೈಪು ವಾಲ್ವಿನವರೆಗೆ ಬಿಸಿಯಾಗಿ ಬಂದು ಅಲ್ಲೇ ನಿಂತಿದ್ದರೆ ವಾಲ್ವ್ ಮುಚ್ಚಿಕೊಂಡಿದೆ. ಎರಡೂ ಪೈಪು ತಣ್ಣಗಿದ್ದರೆ ನೀರು ಅಲ್ಲಿಯವರೆಗೆ ಬರುತ್ತಲೇ ಇಲ್ಲ, ತೊಂದರೆ ಇನ್ನೆಲ್ಲೋ ಇದೆ.

ರೇಡಿಯೇಟರಿನ ಕೆಳಭಾಗ ಮೇಲ್ಭಾಗಕ್ಕಿಂತ ಸ್ವಲ್ಪ ತಂಪಾಗಿರುವುದು ದೋಷವಲ್ಲ. ನೀರು ಶಾಖ ಕೊಟ್ಟು ಹೊರಗೆ ಹೋಗುತ್ತಿದೆ, ಅಷ್ಟೇ. ಮನೆಯಲ್ಲಿ ಗ್ಯಾಸ್ ಬಾಯ್ಲರಿನ ಬದಲು ಹೊರಗಿನ ಗಾಳಿಯಿಂದಲೋ ನೆಲದಿಂದಲೋ ಶಾಖ ಎಳೆಯುವ ಹೀಟ್ ಪಂಪ್ ಇದ್ದರಂತೂ ರೇಡಿಯೇಟರ್ ಯಾವತ್ತೂ ಸುಡುವಷ್ಟು ಬಿಸಿಯಾಗುವುದಿಲ್ಲ. ಅದರ ನೀರೇ 35ರಿಂದ 50 ಡಿಗ್ರಿ. ಕೋಣೆ ಬೆಚ್ಚಗಿದ್ದರೆ ಅದನ್ನು ಮುಟ್ಟಲು ಹೋಗಬೇಡಿ.

ಒಂದೇ ರೇಡಿಯೇಟರ್ ಪೂರ್ತಿ ತಣ್ಣಗಿದ್ದರೆ: ವಾಲ್ವ್

ಬೇಸಿಗೆ ಮುಗಿದ ಮೇಲೆ ಕಾಣುವ ತೊಂದರೆಗಳಲ್ಲಿ ನಾನು ಮೊದಲು ಅನುಮಾನ ಪಡುವುದು ಇದನ್ನೇ. ಪತ್ತೆ ಹಚ್ಚುವುದೂ ಸುಲಭ, ಖರ್ಚೂ ಇಲ್ಲ.

ರೇಡಿಯೇಟರಿನ ಒಂದು ಬದಿಗೆ 1ರಿಂದ 5ರವರೆಗೆ ಅಂಕಿಗಳಿರುವ ದುಂಡನೆಯ ತಲೆ ಇರುತ್ತದೆ. ಇದು ಥರ್ಮೋಸ್ಟಾಟಿಕ್ ವಾಲ್ವ್, ಇಲ್ಲಿಯ ಪ್ಲಂಬರುಗಳ ಬಾಯಲ್ಲಿ ಟಿಆರ್‌ವಿ. ಕೋಣೆಯ ಗಾಳಿ ಬೆಚ್ಚಗಾದ ಹಾಗೆ ತಲೆಯೊಳಗಿನ ಮೇಣ ಅಥವಾ ದ್ರವ ಹಿಗ್ಗಿ, ಕೆಳಗಿನ ಒಂದು ಸಣ್ಣ ಪಿನ್ ಒತ್ತುತ್ತದೆ. ಪಿನ್ ಕೆಳಗಿಳಿದರೆ ನೀರು ಬಂದ್. ತಣ್ಣಗಾದರೆ ತಲೆ ಸಡಿಲವಾಗಿ, ಸ್ಪ್ರಿಂಗು ಪಿನ್ನನ್ನು ಮೇಲಕ್ಕೆ ತಳ್ಳುತ್ತದೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಕೊಂಡೇ ಇದ್ದ ಪಿನ್ ಅಂಟಿಕೊಂಡುಬಿಡುತ್ತದೆ. ಆಮೇಲೆ ನೀವು ಅಂಕಿ 5ಕ್ಕೆ ತಿರುಗಿಸಿದರೂ ತಲೆ ತಿರುಗುತ್ತದೆಯೇ ಹೊರತು ಪಿನ್ ಏಳುವುದಿಲ್ಲ.

ನೋಡುವುದು ಹೀಗೆ. ತಲೆಯನ್ನು 5ಕ್ಕೆ ತಿರುಗಿಸಿ. ಅದರ ಬುಡದಲ್ಲಿ ಗೀರುಗಳಿರುವ ಒಂದು ಬಳೆ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಹೆಚ್ಚಾಗಿ ಕೈಯಲ್ಲೇ ಬರುತ್ತದೆ. ಕೆಲವು ಕಂಪನಿಗಳ ತಲೆ ಒತ್ತಿ ಎಳೆದರೆ ಬಿಚ್ಚುತ್ತದೆ. ತಲೆ ತೆಗೆದರೆ ನೀರು ಚಿಮ್ಮುವುದಿಲ್ಲ, ಹೆದರಬೇಡಿ. ನೀರು ಇರುವುದು ಪಿನ್ನಿನ ಕೆಳಗೆ, ಸೀಲಿನ ಒಳಗೆ.

ಈಗ ಪಿನ್ ಕಾಣುತ್ತದೆ. ನಾಣ್ಯದ ಅಂಚಿನಿಂದಲೋ ಸ್ಪ್ಯಾನರಿನ ಚಪ್ಪಟೆ ಭಾಗದಿಂದಲೋ ಒತ್ತಿ. ಕೆಲವು ಮಿಲಿಮೀಟರ್ ಕೆಳಗಿಳಿದು, ಬಿಟ್ಟ ತಕ್ಷಣ ತಾನೇ ಮೇಲೇಳಬೇಕು. ಕೆಳಗೇ ಸಿಕ್ಕಿಕೊಂಡಿದ್ದರೆ ವಾಲ್ವಿನ ಬದಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಪಿನ್ನಿನ ಸುತ್ತ ಸಿಲಿಕೋನ್ ಸ್ಪ್ರೇ ಒಂದು ಚೂರು ಹಾಕಿ, ಮತ್ತೆ ಒತ್ತಿ ಬಿಡಿ. ಕೆಲವು ಸಲ ಒತ್ತಿದ ಮೇಲೆ ಸಡಿಲವಾಗಿ ಆಡತೊಡಗುತ್ತದೆ, ಆಗ ನೀರು ಹರಿಯುವ ಸದ್ದೂ ಕೇಳುತ್ತದೆ. ಇಕ್ಕಳದಲ್ಲಿ ಹಿಡಿದು ಎಳೆಯುವ ಆಸೆ ಬರುತ್ತದೆ, ಎಳೆಯಬೇಡಿ. ಪಿನ್ ಕಿತ್ತು ಬಂದರೆ ಬಿಸಿಯಾದ ಕರೀ ನೀರು ಕಾರ್ಪೆಟ್ ಮೇಲೆ ಸುರಿಯುತ್ತದೆ. ಆ ಕಲೆ ಹೋಗುವುದಿಲ್ಲ.

ಪಿನ್ ಚೆನ್ನಾಗಿ ಆಡುತ್ತಿದೆ, ತಲೆ ತೆಗೆದಿಟ್ಟಾಗ ರೇಡಿಯೇಟರ್ ಬಿಸಿಯಾಗುತ್ತದೆ, ತಲೆ ಹಾಕಿದ ಕೂಡಲೇ ನಿಲ್ಲುತ್ತದೆ. ಹೀಗಾದರೆ ತಲೆಯೇ ಕೆಟ್ಟಿದೆ. ಅದೇ ಕಂಪನಿಯ ತಲೆ ಮಾತ್ರ ಕೊಂಡು ಹಾಕಿದರೆ ಆಯಿತು, ವಾಲ್ವ್ ಬದಲಿಸಬೇಕಿಲ್ಲ.

ಇನ್ನೊಂದು ಬದಿಯಲ್ಲಿ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡ ವಾಲ್ವ್ ಇರುತ್ತದೆ. ಇದು ಲಾಕ್‌ಶೀಲ್ಡ್. ಗೋಡೆಗೆ ಬಣ್ಣ ಹೊಡೆಯಲು ರೇಡಿಯೇಟರ್ ಇಳಿಸಿದವರು ಇದನ್ನು ಮುಚ್ಚಿ, ಮತ್ತೆ ತೆರೆಯದೆ ಹೋಗಿರುತ್ತಾರೆ. ಹೊಸದಾಗಿ ಬಂದ ಮನೆಯಾದರೆ ಇದನ್ನು ನೋಡಲೇಬೇಕು. ಟೋಪಿ ಎತ್ತಿ, ಸಣ್ಣ ಸ್ಪ್ಯಾನರಿನಿಂದ ಮೊದಲು ಬಲಕ್ಕೆ ತಿರುಗಿಸಿ, ಎಷ್ಟು ಸುತ್ತು ತಿರುಗಿತು ಎಂದು ಬರೆದುಕೊಳ್ಳಿ. ತಿರುಗಲೇ ಇಲ್ಲವೆಂದರೆ ಅದು ಮುಚ್ಚಿಯೇ ಇತ್ತು ಎಂದರ್ಥ. ಎಡಕ್ಕೆ ಒಂದು ಸುತ್ತು ತೆರೆದು ನೋಡಿ. ತಿರುಗಿದ್ದರೆ ಅಷ್ಟೇ ಸುತ್ತು ವಾಪಸ್ ತೆರೆಯಿರಿ. ಆ ಲೆಕ್ಕ ಯಾಕೆ ಬೇಕೆಂದು ಮುಂದೆ ಗೊತ್ತಾಗುತ್ತದೆ.

ವಾಲ್ವ್ ಸರಿಯಿದ್ದೂ ಕೋಣೆ ಬೆಚ್ಚಗಾಗದಿರುವುದೂ ಉಂಟು. ಉದ್ದನೆಯ ಪರದೆ ಟಿಆರ್‌ವಿಯನ್ನು ಮುಚ್ಚಿಕೊಂಡಿರುತ್ತದೆ, ಇಲ್ಲವೇ ಒದ್ದೆ ಬಟ್ಟೆ ರೇಡಿಯೇಟರ್ ಮೇಲೆ ಹರಡಿರುತ್ತದೆ. ಇಲ್ಲಿಯ ನವೆಂಬರಿನಲ್ಲಿ ಹೊರಗೆ ಬಟ್ಟೆ ಒಣಗುವುದಿಲ್ಲ, ಎಲ್ಲರ ಮನೆಯಲ್ಲೂ ಇದೇ ಕಥೆ ಅಲ್ವಾ? ಪರದೆಯ ಹಿಂದೆ ಸಿಕ್ಕಿಕೊಂಡ ಶಾಖದಿಂದ, ಕೋಣೆಯೇ ಬೆಚ್ಚಗಾಯಿತೆಂದು ವಾಲ್ವ್ ಮುಚ್ಚಿಕೊಳ್ಳುತ್ತದೆ. ಸೋಫಾ ಅಂಟಿಸಿಟ್ಟರೂ ಹಾಗೆಯೇ.

ಮೇಲೆ ತಣ್ಣಗಿದ್ದರೆ: ಗಾಳಿ

ಈಗ ಕೀಲಿ ತೆಗೆಯಿರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಹೀಟಿಂಗ್ ಆರಿಸಿ, ಪಂಪು ನಿಂತು ನೀರು ತಣಿಯುವವರೆಗೆ ಕಾಯಿರಿ. ರೇಡಿಯೇಟರಿನ ಮೇಲಿನ ಮೂಲೆಯಲ್ಲಿರುವ ಚೌಕದ ಮೊಳೆಗೆ ಕೀಲಿ ಹಾಕಿ, ಕೆಳಗೆ ಹಳೇ ಬಟ್ಟೆ ಹಿಡಿದು, ಎಡಕ್ಕೆ ಅರ್ಧ ಸುತ್ತು ತಿರುಗಿಸಿ. ಪೂರ್ತಿ ಬಿಚ್ಚಬೇಡಿ. ಸುಸ್ಸೆಂದು ಗಾಳಿ ಬರುತ್ತದೆ, ಆಮೇಲೆ ನೀರು ಉಗುಳುತ್ತದೆ. ನೀರು ಒಂದೇ ಸಮ ಬಂದ ಕೂಡಲೇ ಮುಚ್ಚಿ. ಹಲವು ರೇಡಿಯೇಟರುಗಳಿಗೆ ಮಾಡುವುದಿದ್ದರೆ ಕೆಳಗಿನ ಮಹಡಿಯಿಂದ ಶುರು ಮಾಡಿ ಮೇಲಕ್ಕೆ ಹೋಗಿ.

ಮುಗಿದ ಮೇಲೆ ಬಾಯ್ಲರಿನ ಒತ್ತಡದ ಮುಳ್ಳು ನೋಡದೆ ಬಿಡಬೇಡಿ. ಕಾಂಬಿ ಬಾಯ್ಲರ್ (ಹೀಟಿಂಗ್ ಜತೆಗೆ ನಲ್ಲಿಯ ನೀರನ್ನೂ ತಾನೇ ಕಾಯಿಸುವಂಥದ್ದು) ಇರುವ ಮುಚ್ಚಿದ ವ್ಯವಸ್ಥೆಯಲ್ಲಿ, ತಣ್ಣಗಿರುವಾಗ ಅದು 1ರಿಂದ 1.5 ಬಾರ್ ನಡುವೆ ಇರಬೇಕು. ಕಡಿಮೆಯಿದ್ದರೆ ನೀರು ತುಂಬಬೇಕು. ಬಾಯ್ಲರಿನ ಕೆಳಗೆ ಬೆಳ್ಳಿ ಬಣ್ಣದ ಹೆಣೆದ ಕೊಳವೆ, ಅದರ ತುದಿಗಳಲ್ಲಿ ಸಣ್ಣ ನಲ್ಲಿಗಳು ಇರುತ್ತವೆ. ಇದು ಫಿಲ್ಲಿಂಗ್ ಲೂಪ್. ನಲ್ಲಿಗಳನ್ನು ನಿಧಾನಕ್ಕೆ ತೆರೆದು, ಮುಳ್ಳು 1.2ರ ಸುಮಾರಿಗೆ ಬಂದಾಗ ಎರಡನ್ನೂ ಬಿಗಿಯಾಗಿ ಮುಚ್ಚಿ. ಮುಚ್ಚಲು ಮರೆತರೆ ಒತ್ತಡ ಏರುತ್ತಲೇ ಹೋಗುತ್ತದೆ. 3 ಬಾರ್ ಮುಟ್ಟಿದಾಗ ಸೇಫ್ಟಿ ವಾಲ್ವ್ ತೆರೆದು ಹೊರಗೋಡೆಯ ತಾಮ್ರದ ಕೊಳವೆಯಿಂದ ನೀರು ಸುರಿಯುತ್ತದೆ.

ಹಳೇ ಮನೆಗಳಲ್ಲಿ ಮುಳ್ಳೂ ಇಲ್ಲ, ಲೂಪೂ ಇಲ್ಲ. ಅಟ್ಟದಲ್ಲಿ ಒಂದು ಸಣ್ಣ ತೊಟ್ಟಿ ಇರುತ್ತದೆ, ಅಲ್ಲಿಂದ ನೀರು ತಾನೇ ಇಳಿಯುತ್ತದೆ. ಮೇಲಿನ ಮಹಡಿಯ ರೇಡಿಯೇಟರುಗಳಷ್ಟೇ ತಣ್ಣಗಿದ್ದರೆ, ಗಾಳಿ ಬಿಡಲು ಹೋದಾಗ ಏನೂ ಬರದಿದ್ದರೆ, ಅಥವಾ ಗಾಳಿಯನ್ನು ಒಳಗೇ ಎಳೆದುಕೊಂಡರೆ, ಕೀಲಿ ಮುಚ್ಚಿ ಅಟ್ಟ ಹತ್ತಿ. ತೊಟ್ಟಿ ಬರಿದಾಗಿರಬಹುದು. ಅದರ ತೇಲುಗುಂಡಿನ ನಲ್ಲಿ ವರ್ಷಗಟ್ಟಲೆ ಅಲ್ಲಾಡದೆ ಸಿಕ್ಕಿಕೊಂಡಿರುತ್ತದೆ. ಕಡ್ಡಿಯನ್ನು ಕೈಯಿಂದ ಕೆಳಗೆ ಒತ್ತಿ, ನೀರು ಬರಬೇಕು.

ಗಾಳಿ ವರ್ಷಕ್ಕೊಮ್ಮೆ ಸೇರುವುದು ಮಾಮೂಲು. ಎರಡು ವಾರಕ್ಕೊಮ್ಮೆ ಬಿಡಬೇಕಾಗುತ್ತಿದ್ದರೆ ಅದು ಗಾಳಿ ಅಲ್ಲದೇ ಇರಬಹುದು. ಉಕ್ಕು ತುಕ್ಕು ಹಿಡಿಯುವಾಗ ಹೈಡ್ರೋಜನ್ ಅನಿಲ ಹುಟ್ಟುತ್ತದೆ, ಅದೂ ಮೇಲೆಯೇ ಸೇರುತ್ತದೆ. ಅದು ಹೊತ್ತಿಕೊಳ್ಳುವ ಅನಿಲ, ಹಾಗಾಗಿ ಗಾಳಿ ಬಿಡುವಾಗ ಹತ್ತಿರ ಮೇಣದಬತ್ತಿ, ಸಿಗರೇಟು ಬೇಡ. ಪದೇ ಪದೇ ಒತ್ತಡವೂ ಬೀಳುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಬಾಯ್ಲರಿನ ಎಕ್ಸ್‌ಪ್ಯಾನ್ಷನ್ ವೆಸಲ್ (ಕಾದು ಹಿಗ್ಗುವ ನೀರಿಗೆ ಜಾಗ ಕೊಡುವ ತೊಟ್ಟಿ) ಒಳಗಿನ ಗಾಳಿ ಕಳೆದುಕೊಂಡಿದೆ. ಸುಮ್ನೆ ನೀರು ತುಂಬುತ್ತಾ ಹೋಗಬೇಡಿ. ಪ್ರತಿ ಸಲ ಒಳಹೋಗುವ ಹೊಸ ನೀರು ಹೊಸ ಆಮ್ಲಜನಕ ತರುತ್ತದೆ. ತುಕ್ಕು ಜಾಸ್ತಿಯಾಗುತ್ತದೆ.

ನೀರೇ ಬರುತ್ತಿಲ್ಲವೆಂದರೆ: ಹಂಚಿಕೆ

ವಾಲ್ವುಗಳೆರಡೂ ತೆರೆದಿವೆ, ಗಾಳಿ ಇಲ್ಲ, ಆದರೂ ಬಾಯ್ಲರಿನಿಂದ ದೂರದ ಕೋಣೆ ತಣ್ಣಗೆ. ನಾಲೆಯ ಕೊನೆಭಾಗದ ರೈತರ ಪಾಡು ಗೊತ್ತಲ್ಲ? ಮೇಲಿನವರ ತೂಬು ದೊಡ್ಡದಾಗಿ ತೆರೆದಿದ್ದರೆ ಕೊನೆಯ ಹೊಲಕ್ಕೆ ನೀರೇ ತಲುಪುವುದಿಲ್ಲ. ಇಲ್ಲೂ ಅದೇ ಆಗುತ್ತಿರುತ್ತದೆ. ನೀರು ಸುಲಭದ ದಾರಿ ಹಿಡಿದು, ಹತ್ತಿರದ ರೇಡಿಯೇಟರುಗಳಲ್ಲೇ ಸುತ್ತಿ ವಾಪಸ್ ಹೋಗುತ್ತದೆ.

ಇದು ಹಂಚಿಕೆಯ ತೊಂದರೆಯೋ, ಕೆಸರು ಕಟ್ಟಿಕೊಂಡದ್ದೋ ಎಂದು ತಿಳಿಯಲು ಒಂದು ಒಳ್ಳೆಯ ಪರೀಕ್ಷೆ ಇದೆ. ಉಳಿದ ಎಲ್ಲ ಕೋಣೆಗಳ ಟಿಆರ್‌ವಿಗಳನ್ನು ಮುಚ್ಚಿಬಿಡಿ, ತಣ್ಣಗಿರುವುದನ್ನು ಮಾತ್ರ 5ಕ್ಕಿಡಿ. ಟಿಆರ್‌ವಿ ಇಲ್ಲದ ಒಂದು ರೇಡಿಯೇಟರ್ ಎಲ್ಲೋ ಇರುತ್ತದೆ, ಹೆಚ್ಚಾಗಿ ಥರ್ಮೋಸ್ಟಾಟ್ ಇರುವ ಹಜಾರದಲ್ಲೋ ಬಚ್ಚಲಿನಲ್ಲೋ. ಅದು ತೆರೆದೇ ಇರಲಿ. ಅರ್ಧ ಗಂಟೆ ಬಿಡಿ. ತಣ್ಣಗಿದ್ದದ್ದು ಬಿಸಿಯಾದರೆ ದಾರಿ ತೆರೆದೇ ಇದೆ, ನೀರಿನ ಪಾಲು ಸಿಗುತ್ತಿರಲಿಲ್ಲ ಅಷ್ಟೇ. ಆಗಲೂ ಬಿಸಿಯಾಗದಿದ್ದರೆ ಪೈಪಿನಲ್ಲೋ ರೇಡಿಯೇಟರಿನಲ್ಲೋ ಏನೋ ಅಡ್ಡ ಕೂತಿದೆ. ನೂರಾರು ಪೌಂಡಿನ ಕೆಲಸಕ್ಕೆ ಒಪ್ಪುವ ಮೊದಲು ಈ ಪರೀಕ್ಷೆಯನ್ನು ಮಾಡಿಯೇ ತೀರಬೇಕು ಎಂದು ನನ್ನ ಅಭಿಪ್ರಾಯ.

ಹಂಚಿಕೆ ಸರಿಮಾಡುವುದು ಲಾಕ್‌ಶೀಲ್ಡಿನಿಂದ. ಇದಕ್ಕೆ ಒಂದು ಬಿಡುವಿನ ದಿನ ಬೇಕು. ಎಲ್ಲ ಟಿಆರ್‌ವಿ, ಎಲ್ಲ ಲಾಕ್‌ಶೀಲ್ಡ್ ಪೂರ್ತಿ ತೆರೆದು, ಮನೆ ತಣ್ಣಗಿರುವಾಗ ಹೀಟಿಂಗ್ ಹಾಕಿ. ಯಾವ ಕೋಣೆ ಮೊದಲು ಬಿಸಿಯಾಯಿತು, ಯಾವುದು ಕೊನೆಗೆ ಎಂದು ಬರೆದಿಡಿ. ಮೊದಲು ಬಿಸಿಯಾದದ್ದರ ಲಾಕ್‌ಶೀಲ್ಡನ್ನು ಪೂರ್ತಿ ಮುಚ್ಚಿ, ಕಾಲು ಸುತ್ತು ಮಾತ್ರ ತೆರೆಯಿರಿ. ಮುಂದಿನದಕ್ಕೆ ಸ್ವಲ್ಪ ಹೆಚ್ಚು. ಹೀಗೆ ಹೋಗಿ ಕೊನೆಯದನ್ನು ಪೂರ್ತಿ ತೆರೆದೇ ಬಿಡಿ. ಪ್ರತಿ ಬದಲಾವಣೆಯ ಮೇಲೆ ಇಪ್ಪತ್ತು ನಿಮಿಷವಾದರೂ ಕಾಯಬೇಕು. ಪುಸ್ತಕದ ಪ್ರಕಾರ ಒಳಹೋಗುವ ಪೈಪಿಗೂ ಹೊರಬರುವ ಪೈಪಿಗೂ 11, 12 ಡಿಗ್ರಿ ವ್ಯತ್ಯಾಸ ಬರುವ ಹಾಗೆ ಹೊಂದಿಸಬೇಕು. ಈಗಿನ ಕಂಡೆನ್ಸಿಂಗ್ ಬಾಯ್ಲರುಗಳಿಗೆ 20ರವರೆಗೂ ನಡೆಯುತ್ತದೆ. ಥರ್ಮಾಮೀಟರ್ ಇದ್ದರೆ ಅಳೆಯಿರಿ. ಇಲ್ಲದಿದ್ದರೆ ಎಲ್ಲ ಕೋಣೆಗಳೂ ಹೆಚ್ಚುಕಡಿಮೆ ಒಟ್ಟಿಗೆ ಬೆಚ್ಚಗಾದರೆ ಸಾಕು.

ಕೆಳಗೆ ನಡುವೆ ತಣ್ಣಗಿದ್ದರೆ: ಕೆಸರು

ರೇಡಿಯೇಟರ್ ಉಕ್ಕಿನದು. ಒಳಗಿನ ನೀರಿನಿಂದ ಅದು ಸವೆದು ಮ್ಯಾಗ್ನಟೈಟ್ ಎಂಬ ಕಪ್ಪು ಪುಡಿ ಉದುರುತ್ತದೆ. ಭಾರವಾದದ್ದರಿಂದ ಕೆಳಗೆ, ನೀರಿನ ಓಟ ನಿಧಾನವಿರುವ ನಡುಭಾಗದಲ್ಲಿ ಕೂರುತ್ತದೆ. ಗಾಳಿ ಬಿಡುವಾಗ ಬಂದ ನೀರನ್ನು ಬಿಳಿ ಬಟ್ಟಲಲ್ಲಿ ಹಿಡಿದು, ಹೊರಗಿನಿಂದ ಅಯಸ್ಕಾಂತ ಇಟ್ಟು ನೋಡಿ. ಕಪ್ಪು ಕಣಗಳು ಆ ಕಡೆ ಸರಿದರೆ ಅನುಮಾನವೇ ಬೇಡ.

ಒಂದೇ ರೇಡಿಯೇಟರ್ ಆದರೆ ಅದನ್ನಷ್ಟೇ ಇಳಿಸಿ, ಹಿತ್ತಲಿಗೆ ಒಯ್ದು ಪೈಪಿನ ನೀರಿನಿಂದ ತೊಳೆಯಬಹುದು. ಕೈ ಪಳಗಿದವರಿಗೆ ಕಷ್ಟದ ಕೆಲಸವಲ್ಲ. ಆದರೆ ಇಬ್ಬರು ಬೇಕು, ನೀರು ತುಂಬಿದ ರೇಡಿಯೇಟರ್ ತುಂಬಾ ಭಾರ. ಇಲ್ಲಿ ಟಿಆರ್‌ವಿಯನ್ನು ಸೊನ್ನೆಗೆ ಇಟ್ಟು ನಂಬಬೇಡಿ. ಕೋಣೆ ಜಾಸ್ತಿ ತಣ್ಣಗಾದರೆ, ನೀರು ಹೆಪ್ಪುಗಟ್ಟದಿರಲೆಂದು ಕೆಲವು ವಾಲ್ವುಗಳು ತಾವೇ ತೆರೆದುಕೊಳ್ಳುತ್ತವೆ. ತಲೆ ತೆಗೆದು, ವಾಲ್ವಿನ ಜತೆ ಬರುವ ಪ್ಲಾಸ್ಟಿಕ್ ಮುಚ್ಚಳ ಹಾಕಿ ಬಿಗಿಮಾಡಿ, ತೆರೆದ ಬಾಯಿಗೂ ಬಿರಡೆ ಹಾಕಿ.

ಹಲವು ರೇಡಿಯೇಟರುಗಳು ಹೀಗಿದ್ದರೆ ಇಡೀ ವ್ಯವಸ್ಥೆಗೇ ಶುದ್ಧಿ ಬೇಕು. ಫರ್ನಾಕ್ಸ್ ಎಫ್3, ಸೆಂಟಿನಲ್ ಎಕ್ಸ್400 ಮಾದರಿಯ ಕ್ಲೀನರ್ ಹಾಕಿ, ಡಬ್ಬಿಯಲ್ಲಿ ಹೇಳಿದಷ್ಟು ಕಾಲ ಓಡಿಸಿ, ನೀರೆಲ್ಲ ಬಸಿಯುವುದು ಒಂದು ದಾರಿ. ಯಂತ್ರದಿಂದ ನೀರು ನುಗ್ಗಿಸುವ ಪವರ್ ಫ್ಲಶ್ ಇನ್ನೊಂದು. ಅದು ದುಬಾರಿ. 8 ಅಥವಾ 10 ಮಿಲಿಮೀಟರಿನ ಸಣ್ಣ ಪೈಪುಗಳ ಮನೆಯಲ್ಲಿ ಪೈಪೇ ಪೂರ್ತಿ ಕಟ್ಟಿಕೊಂಡಿದ್ದರೆ ಅದರಿಂದಲೂ ಫಲ ಸಿಗದಿರಬಹುದು. ಆಗ ಆ ತುಂಡು ಪೈಪನ್ನೇ ಬದಲಿಸುವುದು ಲೇಸು. ಯಾವ ದಾರಿ ಹಿಡಿದರೂ ಹೊಸ ನೀರಿಗೆ ಇನ್ಹಿಬಿಟರ್ ಹಾಕದೆ ಮುಗಿಸಬಾರದು. ಅದು ತುಕ್ಕು ತಡೆಯುವ ಔಷಧಿ. ಇಲ್ಲದಿದ್ದರೆ ಮತ್ತೆ ಅದೇ ಕಪ್ಪು ನೀರು.

ಎಲ್ಲವೂ ತಣ್ಣಗಿದ್ದರೆ

ಆಗ ರೇಡಿಯೇಟರುಗಳನ್ನು ಬಿಡಿ. ಥರ್ಮೋಸ್ಟಾಟಿನ ಬ್ಯಾಟರಿ ನೋಡಿ, ಟೈಮರ್ ನೋಡಿ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಹಳೇ ಟೈಮರಿಗೆ ಅದು ತಿಳಿಯುವುದಿಲ್ಲ. ಕಾಂಬಿಯಲ್ಲಿ ನಲ್ಲಿಗೆ ಬಿಸಿನೀರು ಬರುತ್ತಿದ್ದು ಹೀಟಿಂಗ್ ಮಾತ್ರ ಇಲ್ಲವೆಂದರೆ ಬಿಸಿನೀರನ್ನು ನಲ್ಲಿಯ ಕಡೆಗೋ ಹೀಟಿಂಗ್ ಕಡೆಗೋ ತಿರುಗಿಸುವ ಒಳಗಿನ ಡೈವರ್ಟರ್ ವಾಲ್ವ್ ಮೇಲೆ ಅನುಮಾನ. ಅದು ಎಂಜಿನಿಯರ್ ಕೆಲಸ.

ಬಿಸಿನೀರಿನ ಸಿಲಿಂಡರ್ ಇರುವ ಮನೆಗಳಲ್ಲಿ, ಅದರ ಹತ್ತಿರ ಪೈಪಿನ ಮೇಲೆ ಲೋಹದ ಡಬ್ಬಿ ಕೂತಿರುತ್ತದೆ. ಇದು ಮೋಟಾರಿನಿಂದ ನಡೆಯುವ ವಾಲ್ವ್. ಬದಿಯಲ್ಲಿ ಸಣ್ಣ ಲಿವರ್ ಇರುತ್ತದೆ. ಎರಡು ಪೈಪಿನ ವಾಲ್ವಾದರೆ, ಹೀಟಿಂಗ್ ಹಾಕಿದಾಗ ಲಿವರ್ ಸಡಿಲವಾಗಿ ಆಡಬೇಕು. ಸ್ಪ್ರಿಂಗಿನ ಬಿಗಿ ಇನ್ನೂ ಇದ್ದರೆ ವಾಲ್ವ್ ತೆರೆದಿಲ್ಲ. ಕೆಳಗೆ ಒಂದು, ಮೇಲೆ ಒಂದು ಥರ್ಮೋಸ್ಟಾಟ್ ಇರುವ ದೊಡ್ಡ ಮನೆಯಲ್ಲಿ ಒಂದು ಮಹಡಿ ಮಾತ್ರ ತಣ್ಣಗಿರುವುದು ಹೆಚ್ಚಾಗಿ ಇದರಿಂದಲೇ.

ಹೊರಗೆ ಮಂಜು ಗಟ್ಟಿದ ಬೆಳಿಗ್ಗೆ ಬಾಯ್ಲರ್ ಗುಳುಗುಳು ಎನ್ನುತ್ತಾ ನಿಂತುಹೋಗಿದ್ದರೆ, ಬಾಯ್ಲರಿನ ಹೊಗೆಯಿಂದ ಇಳಿದ ನೀರನ್ನು ಹೊರಬಿಡುವ, ಹೊರಗೋಡೆಯ ಪ್ಲಾಸ್ಟಿಕ್ ಕಂಡೆನ್ಸೇಟ್ ಪೈಪು ಹೆಪ್ಪುಗಟ್ಟಿರಬಹುದು. ಕುದಿಯುವ ನೀರು ಬೇಡ, ಪೈಪು ಸೀಳುತ್ತದೆ. ಬೆಚ್ಚಗಿನ ನೀರು ಸುರಿದು ಕರಗಿಸಿ, ಬಾಯ್ಲರನ್ನು ರೀಸೆಟ್ ಮಾಡಿ.

ಎಲ್ಲಿ ಕೈ ಹಾಕಬಾರದು, ಬಾಡಿಗೆ ಮನೆಯಲ್ಲಿ ಏನು ಮಾಡಬೇಕು

ಬಾಯ್ಲರಿನ ಮುಚ್ಚಳ ತೆಗೆಯಬೇಡಿ. ಬ್ರಿಟನ್ನಿನಲ್ಲಿ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ (ಗ್ಯಾಸ್ ಕೆಲಸಕ್ಕೆ ಅನುಮತಿ ಇರುವವರ ಅಧಿಕೃತ ಪಟ್ಟಿ) ಹೆಸರಿರುವವರು ಮಾತ್ರ ಆ ಕೆಲಸ ಮಾಡಬೇಕು. ಬಂದವರ ಗುರುತಿನ ಚೀಟಿ ಕೇಳಿ ನೋಡುವುದರಲ್ಲಿ ಸಂಕೋಚ ಬೇಡ, ಅವರು ತೋರಿಸಲೆಂದೇ ಇಟ್ಟುಕೊಂಡಿರುತ್ತಾರೆ. ಗ್ಯಾಸ್ ವಾಸನೆ ಬಂದರೆ ರೇಡಿಯೇಟರ್ ಯೋಚನೆ ಬಿಟ್ಟು, ಕಿಟಕಿ ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಹೋಗಿ 0800 111 999ಕ್ಕೆ ಫೋನ್ ಮಾಡಿ.

ಬಾಡಿಗೆ ಮನೆಯಾದರೆ ಟಿಆರ್‌ವಿ ಪಿನ್ ನೋಡುವುದು, ಗಾಳಿ ಬಿಡುವುದು, ಒತ್ತಡ ತುಂಬುವುದು ಇಷ್ಟಕ್ಕೇ ನಿಲ್ಲಿಸಿ. ಇಂಗ್ಲೆಂಡಿನಲ್ಲಿ 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಹೀಟಿಂಗ್ ಮತ್ತು ಬಿಸಿನೀರಿನ ವ್ಯವಸ್ಥೆಯನ್ನು ರಿಪೇರಿಯಲ್ಲಿಡುವ ಹೊಣೆ ಸಾಮಾನ್ಯವಾಗಿ ಮನೆ ಮಾಲೀಕರದ್ದು. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ, ಇಮೇಲ್ ಬರೆಯಿರಿ. "ರೇಡಿಯೇಟರ್ ಕೆಲಸ ಮಾಡುತ್ತಿಲ್ಲ" ಎಂದಷ್ಟೇ ಬರೆದರೆ ಬರುವವರು ಕೀಲಿ ತಿರುಗಿಸಿ ಹೋಗುತ್ತಾರೆ. "ಹಿಂದಿನ ಮಲಗುವ ಕೋಣೆಯದು ಪೂರ್ತಿ ತಣ್ಣಗಿದೆ, ಟಿಆರ್‌ವಿ ಪಿನ್ ಆಡುತ್ತಿದೆ, ಎರಡೂ ಪೈಪು ತಣ್ಣಗಿವೆ, ಉಳಿದವನ್ನೆಲ್ಲ ಮುಚ್ಚಿದರೂ ಬಿಸಿಯಾಗಲಿಲ್ಲ, ಒತ್ತಡ 1.3 ಬಾರ್" ಎಂದು ಬರೆದು, ಒತ್ತಡದ ಮುಳ್ಳಿನ ಫೋಟೋ ಜತೆಗಿಡಿ. ಓದಿದವರು ಅದಕ್ಕೆ ಬೇಕಾದ ಸಾಮಾನು ತೆಗೆದುಕೊಂಡೇ ಬರುತ್ತಾರೆ.